ಮೇಷ್ಟ್ರ ಕಥೆಯ ಕೊನೆಯ ಪುಟಗಳು

ಮೊನ್ನೆ ಮಗ ಹಳೆಯ ಹೊಲಿಗೆ ಯಂತ್ರವನ್ನು ಸೀಮೆಎಣ್ಣೆ ಹಾಕಿ ಒರೆಸುತ್ತಿದ್ದ. ಆ ವಾಸನೆಗೆ ಭದ್ರಾವತಿಯ ನಮ್ಮ ಪಕ್ಕದ ಮನೆಯ ಮೇಷ್ಟ್ರು ನೆನಪಾದರು. ಮಸಿಯನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದ ಶಿವಮೊಗ್ಗದ ಅಚ್ಚುಕೂಟಕ್ಕೆ ಹೋಗಿಬಂದ ದಿನ ಅವರ ಕೋಟಿನಿಂದ ಇದೇ ವಾಸನೆ ಬರುತ್ತಿತ್ತು.

ಮೇಷ್ಟ್ರು ಮಕ್ಕಳಿಗಾಗಿ ಮೂರು ಪುಸ್ತಕ ಬರೆದಿದ್ದರು. ಓದಿದವರು ಎಷ್ಟು ಜನವೋ... ಮಗು ಮೆಚ್ಚದ ಸಾಲು ಅಚ್ಚಿಗೆ ಹೋಗಬಾರದೆಂಬುದು ಅವರ ಹಟ. ಆ ಮಗು ಒಂಬತ್ತು ವರ್ಷದ ನಾನು. ಸಂಜೆ ಜಗಲಿಯಲ್ಲಿ ಕೂರಿಸಿಕೊಂಡು ಓದುತ್ತಿದ್ದರು. ನಾನು ಆಕಳಿಸಿದರೆ ಆ ಪುಟಕ್ಕೆ ಅಡ್ಡಗೆರೆ ಬೀಳುತ್ತಿತ್ತು. ನನಗೋ ಎಲ್ಲಿಲ್ಲದ ಜಂಬ.

ನಾಲ್ಕನೆಯ ಪುಸ್ತಕ, ತುಂಬಿದ ಹೊಳೆಯಲ್ಲಿ ಒಬ್ಬಳೇ ಹರಿಗೋಲು ಹಾಕುವ ಹುಡುಗಿಯ ಕಥೆ. ಅದರ ಕೊನೆ ಓದಿದ ಸಂಜೆ ಬೀದಿಯಲ್ಲಿ ಗೆಳತಿಯರ ಕುಂಟೆಬಿಲ್ಲೆ ನಡೆದಿತ್ತು. ನನ್ನ ಕಿವಿಯೆಲ್ಲ ಅಲ್ಲೇ.

“ಹೇಗಿದೆ ಪುಟ್ಟಿ?”

“ಚೆನ್ನಾಗಿದೆ ಮೇಷ್ಟ್ರೇ,” ಅಂದವಳೇ ಓಡಿದೆ.

ಯುದ್ಧದ ಕಾಲ, ಕಾಗದಕ್ಕೆ ಬರ. ಪರೀಕ್ಷೆಯ ಹಳೆಯ ಉತ್ತರಪತ್ರಿಕೆಗಳ ಹಿಂಬದಿಯಲ್ಲಿ ಬರೆದಿದ್ದ ಅದೊಂದೇ ಪ್ರತಿಯನ್ನು ಮೇಷ್ಟ್ರು ಅಚ್ಚುಕೂಟಕ್ಕೆ ಕೊಟ್ಟುಬಂದರು. ಕೊನೆಯ ಎಂಟು ಪುಟ ಬಿಟ್ಟು ಉಳಿದದ್ದೆಲ್ಲ ಅಚ್ಚಾಯಿತು. ಆ ಪುಟಗಳಿಗೆ ಸೀಸದ ಅಕ್ಷರಗಳ ಮೊಳೆ ಜೋಡಿಸಿ ಮುಗಿಸುವ ಹೊತ್ತಿಗೆ ಕಾಗದ ಮುಗಿಯಿತು. ಎರಡು ತಿಂಗಳು ಕಾದು, ಕಾಗದ ಹೊಂದಿಸಿಕೊಂಡು ಹೋದರೆ ಜೋಡಿಸಿದ್ದ ಮೊಳೆಯನ್ನೆಲ್ಲ ಬಿಚ್ಚಿಬಿಟ್ಟಿದ್ದರು.

“ಮದುವೆ ಕಾಲ ಮೇಷ್ಟ್ರೇ, ಲಗ್ನಪತ್ರಿಕೆಗೆ ಮೊಳೆ ಸಾಲ್ಲಿಲ್ಲ. ಹೇಗೂ ನಿಮ್ಮ ಹತ್ರ ಇನ್ನೊಂದು ಪ್ರತಿ ಇರುತ್ತಲ್ಲ ಅಂದ್ಕೊಂಡೆ,” ಅಂದರಂತೆ ಮಾಲೀಕರು. ಮೇಷ್ಟ್ರು ಬರೆದ ಹಾಳೆಗಳು ಮಸಿ ಒರೆಸಲು ಹೋಗಿದ್ದವು.

ಮೇಷ್ಟ್ರು ಮತ್ತೆ ಬರೆದರು. ನನ್ನನ್ನು ಕರೆದು ಓದಿದರು. “ಅವತ್ತು ನೀನು ಮೆಚ್ಚಿದ್ದು ಇದೇನಾ ಮಾರಾಯ್ತಿ? ನಂಗೆ ಸರಿಯಾಗಿ ನೆನಪಾಗ್ತಿಲ್ಲ.”

ಹೌದೆಂದರೆ ಸುಳ್ಳು, ಅವತ್ತು ಕೇಳಿಸಿಕೊಳ್ಳಲೇ ಇಲ್ಲ ಅನ್ನಲು ಧೈರ್ಯವಿಲ್ಲ. ಸುಮ್ಮನೆ ತಲೆ ತಗ್ಗಿಸಿದೆ. ಇದಲ್ಲವೆಂದೇ ಅವರು ತಿಳಿದರು. ಹಾಳೆ ಹರಿದರು. ಮರುವಾರ ಇನ್ನೊಂದು ಬರೆದರು, ಅದನ್ನೂ ಹರಿದರು... ಎಷ್ಟು ಸಲವೋ. ಒಮ್ಮೆಯೂ ನನ್ನ ಮೇಲೆ ಸಿಡುಕಲಿಲ್ಲ. ಸಿಡುಕಿದ್ದರೆ ಅತ್ತು ಹೇಳಿಬಿಡುತ್ತಿದ್ದೆನೇನೋ.

ಆ ವರ್ಷವೇ ಜ್ವರ ಬಂದು ಮೇಷ್ಟ್ರು ತೀರಿಕೊಂಡರು. ಹೊಲಿಗೆ ಕಾಣದ ಅಚ್ಚಿನ ಹಾಳೆಗಳನ್ನು ಅವರ ಮನೆಯವರು ನನಗೆ ಕೊಟ್ಟರು. “ಕಥೆ ಅಂದ್ರೆ ನಿಂಗೆ ಪ್ರಾಣ ಅಂತಿದ್ರು,” ಅಂದರು.

ಈಗ ಮೊಮ್ಮಕ್ಕಳಿಗೆ ಅದನ್ನೇ ಓದಿ ಹೇಳುತ್ತೇನೆ. ಹರಿಗೋಲು ನಡುಹೊಳೆಯಲ್ಲಿ ಸುಳಿಗೆ ಸಿಕ್ಕಿದಲ್ಲಿಗೆ ಹಾಳೆ ಮುಗಿಯುತ್ತದೆ. ಆಮೇಲೇನಾಯಿತು ಎಂದು ಮಕ್ಕಳು ಕೇಳುತ್ತಾರೆ. ಮೇಷ್ಟ್ರು ನನಗೊಬ್ಬಳಿಗೇ ಆ ಕೊನೆಯನ್ನು ಓದಿ ಹೇಳಿದ್ದರು.