ಟಾರ್ಪಾಲು ಕೋಣೆಯ ಬೀಗ

ಐ.ಡಿ.ಹಳ್ಳಿಯಲ್ಲಿ ಹುಟ್ಟಿ ಮಧುಗಿರಿಗೆ ಸೊಸೆಯಾಗಿ ಬಂದ ಶಿವರಂಜನಿ ಹುಣಸೆಹಣ್ಣಿನ ಕಂಪನಿಯ ಕೆಲಸಕ್ಕೆ ಅಂಟಿಕೊಂಡದ್ದಕ್ಕೆ ಒಂದೇ ಕಾರಣ: ಸಂಜೆ ಮನೆ ಸೇರುವಾಗ ಮೂರು ವರ್ಷದ ಮಗಳು ಬಿಂದುಶ್ರೀ ಇನ್ನೂ ಎಚ್ಚರವಾಗಿರುತ್ತಿದ್ದಳು. ಗಾರ್ಮೆಂಟ್ಸ್‌ಗೆ ಹೋದರೆ ಬೆಳಗ್ಗೆ ಆರಕ್ಕೇ ಬಸ್ಸು. ವಾಪಸ್ಸು ಬರುವಷ್ಟರಲ್ಲಿ ಮಗು ಮಲಗಿಬಿಟ್ಟಿರುತ್ತದೆ. ಹಾಗಾಗಿ ಹಣ್ಣನ್ನು ಮುಷ್ಟಿಯಲ್ಲಿ ಹಿಸುಕಿ, ಬೆರಳಿನ ಗುರುತು ಉಳಿದರೆ ಇನ್ನೂ ಆರಬೇಕು, ಉಳಿಯದಿದ್ದರೆ ಪ್ಯಾಕಿಂಗ್‌ಗೆ ಎಂದು ಹೇಳುವ ಈ ಕೆಲಸವನ್ನು ಅವಳು ಹಲ್ಲುಕಚ್ಚಿ ಉಳಿಸಿಕೊಂಡಿದ್ದಳು.

ಹಲ್ಲುಕಚ್ಚುವಂತೆ ಮಾಡಿದವನು ಮಾಲೀಕ ನರಸಿಂಹರಾಜು. ಅಪ್ಪನ ಕಂಪನಿ ಅವನ ಕೈಗೆ ಬಂದ ಮೇಲೆ ಫ್ಯಾನು ಹಾಕುವುದಕ್ಕೂ ಅವನ ಅಪ್ಪಣೆ ಬೇಕಾಗಿತ್ತು. ಹೋದ ವರ್ಷ ಹಳೆಯ ಕೆಲಸಗಾರ ಬೋರಯ್ಯ ಮೋಡ ಕಂಡು, ಅಂಗಳದಲ್ಲಿ ಒಣಹಾಕಿದ್ದ ಹಣ್ಣಿಗೆ ಯಾರನ್ನೂ ಕೇಳದೆ ಟಾರ್ಪಾಲು ಹೊದಿಸಿದ್ದ. ಮಳೆ ಬರಲಿಲ್ಲ. ನರಸಿಂಹರಾಜು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಅರವತ್ತು ದಾಟಿದ ಆ ಮನುಷ್ಯನೊಬ್ಬನಿಂದಲೇ ಎಲ್ಲ ಟಾರ್ಪಾಲುಗಳನ್ನೂ ತೆಗೆಸಿದ.

"ಇಲ್ಲಿ ತಲೆ ಓಡಿಸೋಕೆ ನಾನಿದ್ದೀನಿ. ನೀವು ಕೈ ಓಡಿಸಿ ಸಾಕು."

ಅಂದೇ ಟಾರ್ಪಾಲು ಕೋಣೆಗೆ ಬೀಗ ಬಿತ್ತು, ಕೀಲಿಕೈ ಅವನ ಜೇಬು ಸೇರಿತು. ಕೆಲಸ ಚೆನ್ನಾಗಿ ಬಲ್ಲ ಮೂವರು ಗಾರ್ಮೆಂಟ್ಸ್ ಬಸ್ಸು ಹತ್ತಿದರು. ಉಳಿದವರು ಹುಳು ಬಿದ್ದ ಹಣ್ಣು ಕಂಡರೂ ಕಾಣದವರಂತೆ ತುಂಬತೊಡಗಿದರು.

ಈ ಏಪ್ರಿಲ್‌ನ ಒಂದು ಮಧ್ಯಾಹ್ನ, ಹಂಗಾಮಿನ ಹಣ್ಣೆಲ್ಲ ಅಂಗಳದಲ್ಲಿ ಹರಡಿದ್ದಾಗ ಬೆಟ್ಟದ ಹಿಂದಿನಿಂದ ಮೋಡ ಕವಿಯಿತು. ಮಾಲೀಕ ಪಾವಗಡದ ಮದುವೆಯಲ್ಲಿದ್ದ. ಶಿವರಂಜನಿ ನಾಲ್ಕು ಸಲ ಫೋನು ಮಾಡಿದಳು. ಸ್ವಿಚ್ ಆಫ್.

"ಬೋರಣ್ಣ, ಬೀಗ ಒಡೆಯಾಣ್ವಾ?"

"ಸುಮ್ಕಿರವ್ವ. ಸಾಹೇಬ್ರು ಹೇಳ್ದಿದ್ರೆ ನಾನೀಗ ಸೀನೂ ಸೀನಲ್ಲ."

ಹೆಂಗಸರು ನಕ್ಕರು. ಅಷ್ಟರಲ್ಲಿ ಮೊದಲ ಹನಿಗಳು ಬಿದ್ದವು.

"ನೆನೆದ್ರೆ ನೆನೀಲಿ ಬುಡು," ಎಂದಳು ಬೀಜ ಬಿಡಿಸುತ್ತಿದ್ದ ಶಿವರುದ್ರಮ್ಮ. "ಹೊದ್ಸಿದ್ರೂ ಬೈತಾನೆ, ಬುಟ್ರೂ ಬೈತಾನೆ. ಕೂತ್ಕಂಡೇ ಬೈಸ್ಕಳಾಣ ಕಣಮ್ಮ."

ಶಿವರಂಜನಿಗೆ ಅದೂ ಸರಿಯೆನಿಸಿತು. ಬೀಗ ಒಡೆದರೆ ತನ್ನ ಕೆಲಸ ಹೋಗುತ್ತದೆ. ಒಡೆಯದಿದ್ದರೆ ಹಣ್ಣು ಕಪ್ಪಾಗಿ, ಇಲ್ಲಿರುವ ಹದಿನಾಲ್ಕು ಜನಕ್ಕೂ ಕೆಲಸವಿರುವುದಿಲ್ಲ. ಎರಡರಲ್ಲೂ ಬಿಂದುಶ್ರೀ ಅಮ್ಮನಿಲ್ಲದೆಯೇ ಮಲಗಬೇಕು. ಹಾಗಿದ್ದ ಮೇಲೆ ಹಣ್ಣಾದರೂ ಉಳಿಯಲಿ! ಅವಳು ಹುಣಸೆ ಬಡಿಯುವ ಕೊಡತಿ ಎತ್ತಿಕೊಂಡಳು. ಮೂರನೇ ಏಟಿಗೆ ಬೀಗ ಕಳಚಿಬಿತ್ತು.

"ಒಡೆದೋಳು ನಾನು. ಹೊದ್ಸಕ್ಕಾದ್ರೂ ಬರ್ತೀರೋ ಇಲ್ವೋ?"

ಮೊದಲು ಎದ್ದವನು ಬೋರಯ್ಯ. "ಥೂ, ಈ ಹಾಳಾದ್ ಮಂಡಿ," ಎನ್ನುತ್ತಲೇ ಟಾರ್ಪಾಲಿನ ಒಂದು ತುದಿ ಹಿಡಿದು ಓಡಿದ. ಆಮೇಲೆ ಎಲ್ಲರೂ ಓಡಿದರು. ಆದರೂ ಫೋನಿಗೆ ಕಾಯುತ್ತ ಕುಳಿತ ಹೊತ್ತು ಕುಳಿತ ಹೊತ್ತೇ. ಅರ್ಧ ಉಳಿಯಿತು, ಅರ್ಧ ನೆನೆಯಿತು.

ಸಂಜೆ ನರಸಿಂಹರಾಜು ಬಂದ. ಹಣ್ಣಿಗಿಂತ ಮೊದಲು ಅವನ ಕಣ್ಣಿಗೆ ಬಿದ್ದದ್ದು ಒಡೆದ ಬೀಗ.

"ಯಾರು?"

"ನಾನು ಸಾರ್."

"ಯಾರನ್ನ ಕೇಳಿ ಒಡೆದೆ?"

"ನಾಲ್ಕು ಸಲ ನಿಮ್ಮನ್ನೇ ಕೇಳಿದೆ. ಸ್ವಿಚ್ ಆಫ್ ಆಗಿದ್ರಿ."

ಯಾರೋ ಹಿಂದೆ ನಗು ತಡೆದುಕೊಂಡರು. "ನಾಳೆಯಿಂದ ಬರಬೇಡ," ಎಂದು ಅವನು ಒಳಗೆ ಹೋದ.

ಆ ಸಂಜೆ ಶಿವರಂಜನಿ ಮಗಳಿಗೆ ಅನ್ನ ಕಲಸಿ ಉಣ್ಣಿಸಿದಳು. ಬೆಳಗ್ಗೆ ಎಂದಿನ ಹೊತ್ತಿಗೇ ಹೊರಟಳು. ಹೊರಗೆ ತಳ್ಳುವುದಾದರೆ ಎಲ್ಲರೆದುರು ತಳ್ಳಲಿ.

ಅಂಗಳದಲ್ಲಿ ನೆನೆದ ಹಣ್ಣು ಆಗಲೇ ಕಪ್ಪಿಟ್ಟಿತ್ತು. ಮೇಲೆ ಮತ್ತೆ ಮೋಡ. ಲೋಡು ತಡವಾಯಿತೆಂದು ರೇಗಿದ್ದ ವ್ಯಾಪಾರಿಯನ್ನು ಸಮಾಧಾನ ಮಾಡಲು ನರಸಿಂಹರಾಜು ತುಮಕೂರಿಗೆ ಹೋಗಲೇಬೇಕಿತ್ತು. ಟಾರ್ಪಾಲು ಕೋಣೆಗೆ ಆಗಷ್ಟೇ ಹೊಸ ಬೀಗ ಹಾಕಿ, ಕೀಲಿಕೈ ಹಿಡಿದು ನಿಂತಿದ್ದ. ಅವಳನ್ನು ನೋಡಿ ಹುಬ್ಬು ಗಂಟಿಕ್ಕಿದ, ಆಕಾಶ ನೋಡಿದ.

"ಒಣಗಿರೋದನ್ನ ಇವತ್ತೇ ಪ್ಯಾಕ್ ಮಾಡಿ."

"ಮಾಡಿಸ್ತೀನಿ. ನೆನೆದಿದ್ದನ್ನ ಅದರ ಜೊತೆ ಬೆರೆಸಲ್ಲ, ನೀವು ಹೇಳಿದ್ರೂ ಬೆರೆಸಲ್ಲ. ಮಳೆ ಬಂದ್ರೆ ಕೇಳೋಕೆ ಕಾಯಲ್ಲ," ಎಂದು ಶಿವರಂಜನಿ ಅಂಗೈ ಚಾಚಿದಳು. "ಕೀಲಿಕೈ ಸಾರ್."

ಅವನು ಅವಳ ಕೈಗೆ ಕೊಡಲಿಲ್ಲ; ತಕ್ಕಡಿಯ ಮೇಲೆ ಟಣ್ ಎಂದು ಇಟ್ಟು ಕಾರು ಹತ್ತಿದ.

ಅವಳು ಅದನ್ನೆತ್ತಿ, ಬೋರಯ್ಯನ ಕೈಗೆಟುಕುವ ಎತ್ತರದಲ್ಲಿ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದಳು.