ಹಣೆಗೆ ತಾಗುತ್ತಿದ್ದ ದೀಪ

ಮನುಷ್ಯಕುಲದ ಚರಿತ್ರೆಯೆಂದರೆ ಕತ್ತಲಿನಿಂದ ಬೆಳಕಿನ ಕಡೆಗೆ ನಡೆದ ಚರಿತ್ರೆ ಎಂದು ಬಲ್ಲವರು ಹೇಳುತ್ತಾರೆ. ಇರಬಹುದು. ನಮ್ಮ ಬಂಧುವರ್ಗದಲ್ಲಿ ಮಾತ್ರ ಅದು ಬೆಳಕಿಗೆ ತಲೆ ತಾಗಿಸಿಕೊಂಡ ಚರಿತ್ರೆ.

ಈಚೆಗೆ ಊಟಿಯ ನಮ್ಮ ಮನೆಗೆ ವಿದ್ಯುತ್ತಿನ ತಂತಿ ಎಳೆಯುವವರು ಬಂದಿದ್ದರು. ಅವರಿಗೆ ದಾರಿಯಾಗಲೆಂದು ಅಟ್ಟದ ಮೇಲಿನ ಹಳೆಯ ಪೆಟ್ಟಿಗೆಯನ್ನು ಇಳಿಸಿದಾಗ ಅದರೊಳಗಿಂದ ಸೀಮೆಎಣ್ಣೆಯ ವಾಸನೆ ಬಂತು. ಇಷ್ಟು ವರ್ಷವಾದ ಮೇಲೂ... ಬಟ್ಟೆಯ ಗಂಟು ಬಿಚ್ಚಿದರೆ ಗಾಜಿನ ಒಂದು ಎಲೆ. ಅಂಚಿನಲ್ಲಿ ಹಸಿರು, ನಡುವೆ ನಸುಗೆಂಪು. ಕಿಟಕಿಗೆ ಹಿಡಿದು ನೋಡಿದೆ. ಹೊರಗಿನ ಮಂಜು ಕೆಂಪಾಯಿತು. ನಾನು ಕೆತ್ತಿಯ ಕಣಿವೆಯಲ್ಲಿ, ಮಾಮನ ಮನೆಯ ಹೊಸ್ತಿಲ ಮೇಲಿದ್ದೆ.

ಮಾಮ ನನ್ನ ತಾಯಿಯ ತಮ್ಮ. ಅವರ ಅಣ್ಣ, ನಮ್ಮ ದೊಡ್ಡ ಮಾಮ, ಪಕ್ಕದ ಮನೆಯವರು. ನಮ್ಮ ಹಟ್ಟಿಗಳಲ್ಲಿ ಮನೆಗಳೆಲ್ಲ ಒಂದೇ ಸಾಲು, ನಡುವೆ ಒಂದೊಂದೇ ಗೋಡೆ. ಆಚೆ ಮನೆಯವರು ಸೀನಿದರೆ ಈಚೆ ಮನೆಯ ಮಗು ಬೆಚ್ಚುತ್ತದೆ. ಅಣ್ಣನ ಎಮ್ಮೆ ತಮ್ಮನ ಆಲೂಗಡ್ಡೆ ಹೊಲಕ್ಕೆ ನುಗ್ಗಿದ ಕಾರಣಕ್ಕೆ ಇಬ್ಬರ ಮಾತು ನಿಂತಿತ್ತು. ಕಾಲಾಂತರದಲ್ಲಿ ಎಮ್ಮೆ ತೀರಿಕೊಂಡಿತು. ಜಗಳ ಆರೋಗ್ಯವಾಗಿತ್ತು.

ನಮ್ಮಲ್ಲಿ ಕಿರಿಯರು ತಲೆ ಬಾಗುತ್ತಾರೆ. ಹಿರಿಯರು ಆ ತಲೆಯ ಮೇಲೆ ಕೈಯಿಟ್ಟು "ಬದುಕು, ಬದುಕು" ಎನ್ನುತ್ತಾರೆ. ಮಾಮನ ಮಗಳಿಗೆ ಮದುವೆ ಗೊತ್ತಾಗಿತ್ತು. ಮನೆಯ ಹಿರಿಯ ಅವಳ ತಲೆಯ ಮೇಲೆ ಕೈಯಿಡದಿದ್ದರೆ ಮದುವೆಯಿಲ್ಲ ಎಂದು ವರನ ತಂದೆ ಕಡ್ಡಿ ಮುರಿದಂತೆ ಹೇಳಿಬಿಟ್ಟರು. ತಮ್ಮ ಬಂದು ತಲೆ ಬಾಗಲಿ, ಆಮೇಲೆ ನೋಡೋಣ ಎಂದರು ದೊಡ್ಡ ಮಾಮ. ನುಗ್ಗಿದ್ದು ಅವನ ಎಮ್ಮೆ, ಬಾಗೋದು ನನ್ನ ತಲೆಯಾ ಎಂದರು ಮಾಮ. ಆ ವರ ನಾನೇ ಆಗಿದ್ದರಿಂದ ಈ ವಿಚಾರದಲ್ಲಿ ನನ್ನ ನಿಷ್ಪಕ್ಷಪಾತವನ್ನು ಯಾರೂ ನಂಬಬೇಕಾಗಿಲ್ಲ.

ಇಂಥ ದಿನಗಳಲ್ಲಿ ಒಮ್ಮೆ ಮಾಮನೂ ನಾನೂ ಊಟಿಯ ಒಂದು ಬಂಗಲೆಗೆ ಆಲೂಗಡ್ಡೆ ಹೊತ್ತುಕೊಂಡು ಹೋದೆವು. ಅಲ್ಲಿಯ ದೊರೆಸಾನಿ ಊರು ಬಿಟ್ಟು ತಮ್ಮ ಸೀಮೆಗೆ ಹೊರಟಿದ್ದರು. ಮನೆಯ ಸಾಮಾನೆಲ್ಲ ಹುಲ್ಲಿನ ಮೇಲೆ, ಮಂಜಿನಲ್ಲಿ, ದಾರಿ ತಪ್ಪಿದ ದನಗಳ ಹಾಗೆ ನಿಂತಿತ್ತು. ಒಂದು ಮರದ ಕೊಂಬೆಗೆ ಆ ದೀಪ ತೂಗುತ್ತಿತ್ತು. ಹಿತ್ತಾಳೆಯ ಉದ್ದನೆಯ ಬಳ್ಳಿ, ಅದರ ತುದಿಗೆ ಹೂವಿನ ಹಾಗೆ ಒಂದರ ಮೇಲೊಂದು ಮಡಿಸಿಕೊಂಡ ಗಾಜಿನ ಎಲೆಗಳು. ಯಾರೋ ಅದನ್ನು ಹೊತ್ತಿಸಿ ತೋರಿಸಿದರು. ಸುತ್ತಲಿನ ಮಂಜು ಮೆಲ್ಲನೆ ಬಣ್ಣ ಕುಡಿಯತೊಡಗಿತು... ಮಾಮ ತಲೆಯ ಮೇಲಿನ ಮೂಟೆ ಇಳಿಸುವುದನ್ನೇ ಮರೆತರು.

"ಬೆಳಕಿಗೂ ಒಂದು ಆಕಾರ ಇರ್ತದಾ ಅಳಿಯಾ?" ಎಂದರು.

ಅದರ ಪಕ್ಕದಲ್ಲಿ ಒಂದು ಕುರ್ಚಿ. ಬೆತ್ತದ ಹಾಗೆ ಬಾಗಿಸಿದ ಮರ, ಎಲ್ಲಿಯೂ ಮೂಲೆಯೇ ಇಲ್ಲ, ಮುಟ್ಟಿದರೆ ತೂಗುತ್ತಿತ್ತು. ಹೊತ್ತು ತಂದ ಆಲೂಗಡ್ಡೆಯನ್ನೂ ಮುಂದೆ ಬೆಳೆಯಲಿದ್ದ ಆಲೂಗಡ್ಡೆಯನ್ನೂ ಒಪ್ಪಿಸಿ ಮಾಮ ಎರಡನ್ನೂ ಮನೆಗೆ ತಂದರು.

ಮಾಮಿ ದೀಪದ ಸುತ್ತ ಒಂದು ಸುತ್ತು ಬಂದರು. "ಕೋಸು ನಮ್ಮ ತೋಟದಲ್ಲೇ ಇತ್ತಲ್ಲ. ಊಟಿಯಿಂದ ಯಾಕ ಹೊತ್ತು ತರಬೇಕಿತ್ತು?"

ದೀಪದ ಬಳ್ಳಿ ಬಂಗಲೆಯ ಎತ್ತರಕ್ಕೆ ಮಾಡಿದ್ದು. ಮಾಮನ ಮನೆಯ ಸೂರು ಕೈಗೆ ಎಟಕುತ್ತಿತ್ತು. ಬಳ್ಳಿಯನ್ನು ಕತ್ತರಿಸಿಬಿಡಿ ಎಂದು ಎಲ್ಲರೂ ಹೇಳಿದರು. ಕತ್ತರಿಸಿದರೆ ಹೂ ಬಾಡುತ್ತದೆ ಎಂದು ಮಾಮ ಕೇಳಲಿಲ್ಲ. ಹಾಗಾಗಿ ದೀಪ ಹೊಸ್ತಿಲಿನ ಒಳಗೆ, ಹಣೆಯ ಎತ್ತರಕ್ಕೆ ತೂಗಿತು.

ಆಮೇಲೆ ಗಹನವಾದ ಪ್ರಶ್ನೆಯೊಂದು ಎದ್ದಿತು. ಮುಸ್ಸಂಜೆ ದೀಪ ಹೊತ್ತಿಸಿದೊಡನೆ ಮನೆಯವರೆಲ್ಲ ಅದಕ್ಕೆ ತಲೆ ಬಾಗುವುದು ವಾಡಿಕೆ. ದೊರೆಸಾನಿಯ ದೀಪಕ್ಕೂ ಬಾಗಬೇಕೆ? ಹಟ್ಟಿಯ ಹಿರಿಯರು ತಿಣ್ಣೆಯ ಮೇಲೆ ಕೂತು ವಿಚಾರ ಮಾಡಿದರು. ಕೊನೆಗೆ ಊರ ಗೌಡರು ಕೇಳಿದರು: "ಹೊತ್ತಿಸೋದು ಯಾರು? ನಮ್ಮ ಹೆಣ್ಣು ತಾನೆ? ಹಂಗಾದರ ಅದು ನಮ್ಮ ದೀಪ. ಬಾಗಿ." ತೀರ್ಪು ಬರುವ ಹೊತ್ತಿಗೆ ಅಪರಾಧಿಯೂ ನಿರಪರಾಧಿಯೂ ಹಣೆ ತಾಗಿಸಿಕೊಂಡು ಬಾಗುವುದನ್ನು ಕಲಿತಾಗಿತ್ತು.

ಕುರ್ಚಿಯ ಮೇಲೆ ಮಾಮ ಯಾರನ್ನೂ ಕೂರಿಸಲಿಲ್ಲ, ತಾವೂ ಕೂರಲಿಲ್ಲ. ಅಣ್ಣನ ಮನೆಯ ಗೋಡೆಗೆ ಒತ್ತಿ ಇಟ್ಟು, ಸಂಜೆಯಾದರೆ ಬರಿಗುರ್ಚಿಯನ್ನು ಕೈಯಿಂದ ತೂಗುತ್ತಿದ್ದರು. ಕಿರ್... ಕಿರ್... ಗೋಡೆಯ ಆಚೆಯಿಂದ ದೊಡ್ಡ ಮಾಮನ ದನಿ ಕೇಳುತ್ತಿತ್ತು: "ಆ ಮನೆಯಲ್ಲಿ ಗಾಣ ಆಡಿಸ್ತಾರಾ? ಏನದು?" ಮಾಮ ಇನ್ನೂ ಸ್ವಲ್ಪ ತೂಗುತ್ತಿದ್ದರು.

ಒಂದು ಸಂಜೆ ಮಂಜು ಅಂಗಳ ದಾಟಿ ತಿಣ್ಣೆ ಹತ್ತಿತ್ತು. ನನ್ನವಳಾಗಬೇಕಾದವಳು ದೀಪ ಹೊತ್ತಿಸಿದಳು. ಗೋಡೆಯೆಲ್ಲ ಹಸಿರು, ಹಾಲಿನ ಚೊಂಬು ಕೆಂಪು, ಮಾಮಿಯ ಮುಖದಲ್ಲಿ ಎರಡೂ... ಆ ಬಣ್ಣದೊಳಗೆ ಬಾಗಿಲಲ್ಲಿ ದೊಡ್ಡ ಮಾಮ ಕಂಡರು. ಸದ್ದು ಎಲ್ಲಿಂದ ಬರುತ್ತದೆಂದು ನೋಡಲಷ್ಟೇ ಬಂದವರು ಅವರು. ಆದರೆ ಹಣೆಯ ಎದುರಿಗೆ ದೀಪ. ಬಾಗದೆ ಒಳಗೆ ಕಾಲಿಡುವಂತಿರಲಿಲ್ಲ. ಅವರು ಬಾಗಿದರು. ದೀಪದ ಈಚೆ ಬದಿಯಲ್ಲಿ ಮಾಮ, ಆಗ ತಾನೇ ಹೊತ್ತಿದ ದೀಪಕ್ಕೆ, ದಿನದ ವಾಡಿಕೆಯಂತೆ ಬಾಗಿದ್ದರು.

ಇಬ್ಬರೂ ತಲೆಯೆತ್ತುವ ಮೊದಲೇ ಎದುರಿನ ತಲೆ ಬಾಗಿರುವುದನ್ನು ನೋಡಿದರು. ದೊಡ್ಡ ಮಾಮನ ಕೈ, ಅಭ್ಯಾಸಬಲದಿಂದಲೋ ಏನೋ, ಗಾಜಿನ ಎಲೆಗಳ ಪಕ್ಕದಿಂದ ಚಾಚಿ ತಮ್ಮನ ತಲೆಯ ಮೇಲೆ ಕೂತಿತು.

"ಬದುಕು... ಬದುಕು."

"ಬಾ ಅಣ್ಣ," ಎಂದರು ಮಾಮ. ಕುರ್ಚಿಯನ್ನು ಮುಂದಕ್ಕೆ ಎಳೆದರು. "ಕೂರು. ನಿನಗಂತಲೇ ಇಟ್ಟಿದ್ದು."

ದೊಡ್ಡ ಮಾಮ ಕೂತರು. ಕುರ್ಚಿ ಹಿಂದಕ್ಕೆ ವಾಲಿತು. "ಅಯ್ಯೋ, ನಿನ್ನ ಮನೆ ಬೀಳ್ತದ ಕಣೋ!" ಎಂದು ಕೂಗಿದವರು ಆಮೇಲೆ ಏಳಲೇ ಇಲ್ಲ. ಕೂತಲ್ಲಿಂದಲೇ ಹುಡುಗಿಯನ್ನು ಕರೆದು ಅವಳ ತಲೆಯ ಮೇಲೂ ಕೈಯಿಟ್ಟರು.

ಮೊದಲು ಬಾಗಿದವರು ಯಾರು ಎಂಬ ಬಗ್ಗೆ ಅವರಿಬ್ಬರಿಗೂ ಕೊನೆಯವರೆಗೂ ಒಮ್ಮತ ಬರಲಿಲ್ಲ. ದಿನಾ ಸಂಜೆ ಆ ದೀಪದ ಕೆಳಗೆ ಕೂತು ವಾದಿಸುತ್ತಿದ್ದರು. ದೊಡ್ಡ ಮಾಮ ಮೊದಲು ಹೋದರು. ಆಮೇಲೆ ಸಂಜೆಯ ಹೊತ್ತು ಮಾಮ ಬರಿಗುರ್ಚಿಯನ್ನು ತೂಗುತ್ತಿದ್ದರು. ಗೋಡೆಯ ಆಚೆಯಿಂದ ಏನದು ಎಂದು ಯಾರೂ ಕೇಳುತ್ತಿರಲಿಲ್ಲ... ಮಾಮನೂ ಹೋದ ಮೇಲೆ ದೀಪವನ್ನು ಇಳಿಸುವಾಗ ಅದು ಒಡೆಯಿತು. ಉಳಿದ ಒಂದು ಎಲೆಯನ್ನು ನನ್ನ ಹೆಂಡತಿ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದಳಂತೆ. ನನಗೆ ಗೊತ್ತಿರಲಿಲ್ಲ.

ನಿನ್ನೆ ಸಂಜೆ ನಮ್ಮ ಮನೆಯಲ್ಲಿ ಬಲ್ಬು ಹೊತ್ತಿತು. ಅವಳು ವಾಡಿಕೆಯಂತೆ ತಲೆ ಬಾಗಿ, ಆಮೇಲೆ ಮೇಲಕ್ಕೆ ನೋಡಿದಳು. ಬಲ್ಬನ್ನು ಬಹಳ ಎತ್ತರದಲ್ಲಿ ಕಟ್ಟಿದ್ದಾರೆ. ಯಾರ ಹಣೆಗೂ ತಾಗುವುದಿಲ್ಲ.