ಘಾನಿಮ್ ಹೇಳದೆ ಉಳಿಸಿದ ಅರ್ಧ ಸುದ್ದಿ

ಬೆಳಗಿನ ನಮಾಜು ಮುಗಿಸಿ ಚಾಪೆ ಮಡಿಸಿಟ್ಟ ಘಾನಿಮ್ ಬಿನ್ ಸಾಲ್ಮೀನ್, ಮಸಿ ಹಿಡಿದ ಚಹಾದ ಕೆಟಲನ್ನು ಎತ್ತಿಕೊಳ್ಳುತ್ತಾರೆ. ಅದರಲ್ಲಿರುವುದು ಚಹಾ ಅಲ್ಲ, ನೀರು. ಎದೆಮಟ್ಟದ ಕಲ್ಲುಗೋಡೆಯೊಳಗೆ ಸಾಲಾಗಿ ನಿಂತ ಸಸಿಗಳ ಬುಡಕ್ಕೆ ಒಂದೊಂದು ಗುಟುಕು ಸುರಿಯುತ್ತಾ ಸಾಗುತ್ತಾರೆ. ಸೊಕೋತ್ರ ದ್ವೀಪದ ದಿಕ್ಸಮ್ ಬಯಲಿನ ಮೇಲೆ ಮಂಜು ಇನ್ನೂ ಕದಲಿಲ್ಲ. ಕೆಟಲಿನ ಮೂತಿಯಿಂದ ನೂಲಿನ ಹಾಗೆ ಇಳಿಯುವ ನೀರಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

“ಡಬ್ಬದಿಂದ ಸುರಿದ್ರೆ ಮಣ್ಣು ಕೊಚ್ಚಿ ಹೋಗಿ ಬೇರು ಹೆದರ್ತದೆ. ಕೂಸಿಗೆ ಹಾಲು ಕುಡಿಸೋ ಥರ ಕುಡಿಸ್ಬೇಕು” ಎನ್ನುತ್ತಾರೆ ಎಪ್ಪತ್ತೊಂದರ ಘಾನಿಮ್.

ಇವೆಲ್ಲ ಅರಿಯೋಬ್ ಸಸಿಗಳು. ದೊಡ್ಡದಾದ ಮೇಲೆ ಕೊಡೆಯಂತೆ ತಲೆ ಬಿಚ್ಚಿಕೊಂಡು, ತೊಗಟೆ ಗೀರಿದರೆ ರಕ್ತದ ಬಣ್ಣದ ಅಂಟು ಸುರಿಸುವ ಮರ ಅದು. ಇವತ್ತಿನ ಎಣಿಕೆಗೆ ಮುನ್ನೂರ ಹದಿನೇಳು ಸಸಿಗಳಿವೆ. ಒಂದು ಗೇಣು ಎತ್ತರವಾಗಲು ಆರೇಳು ವರ್ಷ ಬೇಕು, ನೆರಳು ಕೊಡಲು ಮನುಷ್ಯನ ಒಂದು ಆಯುಷ್ಯ ಸಾಲದು. ಗೋಡೆಯ ಆಚೆ ಬಿಟ್ಟರೆ ಆಡುಗಳು ಒಂದೇ ಬೆಳಿಗ್ಗೆಗೆ ಮುಗಿಸುತ್ತವೆ. ಗೋಡೆಯ ಒಂದೊಂದು ಕಲ್ಲನ್ನೂ ಅವರೇ ಹೊತ್ತು ತಂದು ಇಟ್ಟಿದ್ದಾರೆ.

ನೀರು ಕುಡಿಸಿದ ಮೇಲೆ ಖರ್ಜೂರದ ನಾರಿನ ಹಗ್ಗವನ್ನು ಹೆಗಲಿಗೆ ಸುತ್ತಿಕೊಂಡು ಹೊರಡುತ್ತಾರೆ. ಕಳೆದ ಮೂರು ತಿಂಗಳಿಂದ ಅವರು ನೇರ ದಾರಿ ಬಿಟ್ಟಿದ್ದಾರೆ. ಬೆಟ್ಟದ ಬೆನ್ನು ಬಳಸಿಕೊಂಡು, ಯಾರೂ ತುಳಿಯದ ಕಲ್ಲುಗಳ ಮೇಲೆ ಹೋಗುತ್ತಾರೆ.

“ನೋಡಿ ಇವನ್ನ. ಐವತ್ತು ವರ್ಷ ಊರ ಮುಂದೆ ಎದೆ ಎತ್ಕೊಂಡು ಓಡಾಡಿದೋನು, ಈಗ ಆಡು ಕದ್ದೋನ ಹಾಗೆ ಹಿಂದಿನಿಂದ ಹೋಗ್ತಾನೆ” ಎಂದು ಹೆಂಡತಿ ಬಖೀತಾ ಒಲೆಯ ಮುಂದಿನಿಂದಲೇ ಹೇಳುತ್ತಾರೆ.

“ನೀನು ಸುಮ್ನಿರೇ.”

“ನಾನು ಸುಮ್ನೇ ಇದ್ದೀನಿ, ಸಾಲಿಮನ ಅಪ್ಪ. ಮಾತಾಡಿದ್ರೆ ಇಷ್ಟೊತ್ತಿಗೆ ದ್ವೀಪಕ್ಕೆಲ್ಲ ಗೊತ್ತಾಗಿರೋದು.”

ಗೊತ್ತಾಗಬಾರದ ಆ ವಿಷಯ ಯಾವುದೆಂದು ತಿಳಿಯಬೇಕಾದರೆ ಘಾನಿಮ್ ಹತ್ತೊಂಬತ್ತರ ಹುಡುಗನಾಗಿದ್ದ ಕಾಲಕ್ಕೆ ಹೋಗಬೇಕು. ಕೊರಕಲಿಗೆ ಜಾರಿಬಿದ್ದ ಆಡನ್ನು ತರಲೆಂದು ಅಪ್ಪ ಅವರನ್ನು ಹಗ್ಗ ಕಟ್ಟಿ ಇಳಿಸಿದ್ದರು. ಆಡು ಸತ್ತಿತ್ತು. ಆದರೆ ತಳದ ತಂಪಿನಲ್ಲಿ, ಮೇಲಿನ ಬಯಲಲ್ಲಿ ಎಂದೂ ಕಾಣದ ಎಲೆಗಳಿದ್ದವು. ಹುಡುಗ ಸಂಜೆಯವರೆಗೆ ಮೇಲೆ ಬರಲೇ ಇಲ್ಲ. “ಆಡು ತರೋಕೆ ಹೋದೋನು ಸೊಪ್ಪು ತಂದ ಅಂತ ಅಪ್ಪ ಚೆನ್ನಾಗಿ ಬಾರಿಸಿದ್ರು. ಆಮೇಲೆ ಆ ಸೊಪ್ಪಿನ ಹೆಸರು ಕೇಳಿದ್ರು. ನಂಗೂ ಗೊತ್ತಿರ್ಲಿಲ್ಲ, ಅವ್ರಿಗೂ ಗೊತ್ತಿರ್ಲಿಲ್ಲ. ಹೆಸರಿಲ್ದೆ ಒಂದು ಜೀವ ಅಲ್ಲಿ ಕೂತಿದೆಯಲ್ಲ ಅಂತ ನಂಗೆ ನಿದ್ದೆ ಬರ್ಲಿಲ್ಲ.”

ಅಂದಿನಿಂದ ಇಂದಿನವರೆಗೆ ಅವರು ಇಳಿದ ಕೊರಕಲುಗಳು ನಲವತ್ತಮೂರು. ಅವುಗಳಲ್ಲಿ ಬಹುಪಾಲು ಕಡೆ ಅವರಿಗಿಂತ ಮೊದಲು ಇಳಿದವರ ನೆನಪು ಯಾರಿಗೂ ಇಲ್ಲ. ಅಕ್ಷರ ಬಾರದ ಘಾನಿಮ್ ಕಂಡದ್ದನ್ನೆಲ್ಲ ಪದ್ಯ ಕಟ್ಟಿ ಇಟ್ಟುಕೊಂಡರು. ಒಂದು ಗಿಡಕ್ಕೆ ಎರಡು ಸಾಲು. ಅದು ಎಲ್ಲಿ ಕೂರುತ್ತದೆ, ಯಾವಾಗ ಹೂ ಬಿಡುತ್ತದೆ, ಮೂಸಿದರೆ ಹೇಗಿರುತ್ತದೆ ಎಂಬುದೆಲ್ಲ ಆ ಎರಡು ಸಾಲಿನಲ್ಲೇ ಇರಬೇಕು. ಅಂಥವು ಇನ್ನೂರ ಆರು ಇವೆ. ಮದುವೆ ಮನೆಗಳಲ್ಲಿ ಹೆಂಗಸರು ಅವನ್ನು ಹಾಡುತ್ತಾರೆ. ಕಟ್ಟಿದವರು ಯಾರೆಂದು ಯಾರೂ ಕೇಳುವುದಿಲ್ಲ, ಅವರೂ ಹೇಳುವುದಿಲ್ಲ.

ದೂರದ ದೇಶಗಳ ಸಸ್ಯಪಂಡಿತರು ಹಳೆಯ ಪತ್ರಿಕೆಗಳ ಕಟ್ಟು ಹೊತ್ತು ಬಂದಾಗಲೆಲ್ಲ ಕೊರಕಲಿಗೆ ಇಳಿಸಿದ್ದು ಇವರದೇ ಹಗ್ಗ. ಪತ್ರಿಕೆಯ ಹಾಳೆಗಳ ನಡುವೆ ಒಣಗಿದ ಗಿಡಗಳು ಹಡಗು ಹತ್ತಿದವು, ಪಂಡಿತರ ಹೆಸರು ಹೊತ್ತು ದಪ್ಪ ಪುಸ್ತಕವೊಂದರಲ್ಲಿ ಬಂದವು. ಆ ಪುಸ್ತಕವನ್ನು ಯಾರೋ ಹದೀಬೊ ಪೇಟೆಯಲ್ಲಿ ಘಾನಿಮ್‌ಗೆ ತೋರಿಸಿದರು. ಒಂದು ಚಿತ್ರದಲ್ಲಿ ಗಿಡದ ಪಕ್ಕ, ಅಳತೆ ಗೊತ್ತಾಗಲಿ ಎಂದು ಚಾಚಿದ ಒಂದು ಕೈ ಇದೆ.

“ಅದು ನನ್ನ ಕೈ. ಚೆನ್ನಾಗೇ ಬಂದಿದೆ. ಮುಖ ಬಂದಿದ್ರೆ ಗಿಡ ಯಾರು ನೋಡ್ತಿದ್ರು?” ಎಂದು ಅವರು ನಗುತ್ತಾರೆ.

ಅವರು ನಗದೆ ಹೇಳುವ ಸಂಗತಿ ಒಂದೇ. ಮೂವತ್ತನಾಲ್ಕು ವರ್ಷದ ಹಿಂದೆ, ಮಳೆ ಇಲ್ಲದ ಎರಡನೇ ವರ್ಷ, ಒಂದು ಕೊರಕಲಿನ ಗೋಡೆಯಿಂದ ಹೊರಬಂದ ಬಂಡೆಯ ಚಾಚಿನ ಮೇಲೆ ಅವರು ಹೊಸ ಗಿಡವೊಂದನ್ನು ಕಂಡರು. ಆಡಿನ ಮರಿಯ ಕಿವಿಯಂಥ ಎಲೆ, ಬಿಳಿಯ ಹೂ. ಒಟ್ಟು ಹದಿನೇಳು ಇದ್ದವು. ಹೆಜ್ಜೆ ಹೆಜ್ಜೆಗೂ ಪದ್ಯ ಕಟ್ಟುತ್ತಾ ಮೇಲೆ ಬಂದರೆ ದಾರಿಯಲ್ಲಿ ಮುಬ್ಖೂತ್ ಎಂಬ ಆಡು ಕಾಯುವವನು ಎದುರಾದ. ಇಲ್ಲಿಯ ಪದ್ಧತಿಯಂತೆ ಇಬ್ಬರೂ ಮೂಗಿಗೆ ಮೂಗು ತಾಗಿಸಿ ವಂದಿಸಿದರು. “ಸುದ್ದಿ ಏನು?” ಎಂದು ಮುಬ್ಖೂತ್ ಕೇಳಿದ.

ಈ ದ್ವೀಪದಲ್ಲಿ ಆ ಪ್ರಶ್ನೆ ಬರಿಯ ಉಪಚಾರವಲ್ಲ. ದಾರಿಯಲ್ಲಿ ಸಿಕ್ಕವರು ಕೇಳಿದರೆ ಎಲ್ಲಿ ನೀರಿದೆ, ಎಲ್ಲಿ ಮೇವಿದೆ ಎಂದು ಕಂಡದ್ದನ್ನು ಕಂಡ ಹಾಗೆ ಹೇಳಬೇಕು. ಮೇವಿನ ಸುದ್ದಿ ಮುಚ್ಚಿಟ್ಟವನಿಗೆ ಮರುದಿನದಿಂದ ಯಾರ ಮನೆಯ ಹಾಲೂ ಇಲ್ಲ. ಘಾನಿಮ್ ಹೇಳಿದರು: ಇಂಥ ಕೊರಕಲಿನ ತಳದಲ್ಲಿ ಹಸಿರಿದೆ. ಗಿಡದ ಮಾತು ಎತ್ತಲಿಲ್ಲ. ಅಷ್ಟು ಎತ್ತರದ ಚಾಚಿಗೆ ಆಡು ಹತ್ತುವುದಿಲ್ಲ ಎಂದುಕೊಂಡರು. ಹಸಿದ ಆಡು ಎಲ್ಲಿಗೆ ಹತ್ತುತ್ತದೆಂದು ತಿಳಿಯದವರೇನಲ್ಲ ಅವರು. ಎಂಟು ದಿನ ಬಿಟ್ಟು ಹೋದಾಗ ಅಲ್ಲಿ ಹದಿನೇಳು ಮೋಟುಗಳಿದ್ದವು. ಆಮೇಲೆ ಆ ಗಿಡ ಎಲ್ಲಿಯೂ ಕಾಣಲಿಲ್ಲ. ಅದಕ್ಕೆ ಕಟ್ಟಿದ ಎರಡು ಸಾಲನ್ನು ಅವರು ಯಾರ ಮುಂದೆಯೂ ಹೇಳಲಿಲ್ಲ.

ಈ ಸಲ ಚಳಿಗಾಲದ ಮಳೆ ಮತ್ತೆ ಕೈಕೊಟ್ಟಿದೆ. ಮೂರು ತಿಂಗಳ ಹಿಂದೆ ಇನ್ನೊಂದು ಕೊರಕಲಿನಲ್ಲಿ, ಅಂಥದೇ ಚಾಚಿನ ಮೇಲೆ ಘಾನಿಮ್‌ಗೆ ಅದೇ ಗಿಡ ಸಿಕ್ಕಿತು. ಇದ್ದದ್ದು ನಾಲ್ಕೇ ನಾಲ್ಕು. ತಳದಲ್ಲಿ ಹತ್ತಾರು ಆಡು ವಾರಗಟ್ಟಲೆ ಮೇಯುವಷ್ಟು ಹಸಿರೂ ಇತ್ತು. ಅಂದಿನಿಂದಲೇ ಈ ಬಳಸುದಾರಿ. ಯಾರೂ ಎದುರಾಗದಿದ್ದರೆ ಯಾರೂ ಕೇಳುವುದಿಲ್ಲ. ಕೇಳದಿದ್ದರೆ ಸುಳ್ಳು ಹೇಳುವ ಪ್ರಸಂಗವಿಲ್ಲ.

“ಮೇಲಿರೋನಿಗೆ ಕಾಣಲ್ವಾ ನಿನ್ನ ಬಳಸುದಾರಿ?” ಎಂದು ಬಖೀತಾ ಒಮ್ಮೆ ಕೇಳಿದ್ದಾರೆ.

ಉತ್ತರ ಕೊಡಬೇಕಾದ ದಿನ ಖರ್ಜೂರದ ಹೊಂಬಾಳೆ ಒಡೆಯುವ ಹೊತ್ತಿಗೆ ಬರುತ್ತದೆ. ಕೊರಕಲಿನಿಂದ ಹತ್ತಿ ಬಂದ ಘಾನಿಮ್‌ಗೆ ಬಳಸುದಾರಿಯ ನಡುವೆಯೇ ಶಮ್ಮಾ ಕೂತಿರುವುದು ಕಾಣುತ್ತದೆ. ಶಮ್ಮಾ ಪಕ್ಕದ ಹಟ್ಟಿಯ ವಿಧವೆ. ಮಡಿಲಲ್ಲಿ ಏಳಲಾರದ ಒಂದು ಮರಿ, ಸುತ್ತ ಪಕ್ಕೆಲುಬು ಎಣಿಸಬಹುದಾದ ಇಪ್ಪತ್ತೇಳು ಆಡು.

“ದೊಡ್ಡಪ್ಪ, ನೀನು ಈ ಕಡೆಯಿಂದ ಬರ್ತೀಯ ಅಂತ ನಂಗೊತ್ತಿರ್ಲಿಲ್ಲ. ಇಲ್ಲಾದ್ರೂ ಏನಾದ್ರೂ ಸಿಗುತ್ತೇನೋ ಅಂತ ಬಂದೆ” ಎನ್ನುತ್ತಾಳೆ ಆಕೆ. ಆಮೇಲೆ ಕೇಳಲೇಬೇಕಾದ್ದನ್ನು ಕೇಳುತ್ತಾಳೆ: “ಸುದ್ದಿ ಏನು?”

ಘಾನಿಮ್ ಹಗ್ಗ ಕೆಳಗಿಟ್ಟು ಕೂರುತ್ತಾರೆ. “ಇದೆ. ಕೊರಕಲಿನ ತಳದಲ್ಲಿ ಮೇವಿದೆ, ನೀರೂ ಇದೆ. ಪೂರ್ವದ ಕಡೆಯಿಂದ ಇಳಿಸ್ಬಹುದು. ಮೂರು ತಿಂಗಳಾಯ್ತು ನಾನು ನೋಡಿ.”

ಶಮ್ಮಾ ಮಡಿಲ ಮರಿಯನ್ನು ನೋಡುತ್ತಾಳೆ. “ಮೂರು ತಿಂಗಳು,” ಎನ್ನುತ್ತಾಳೆ. “ನನ್ನವು ಆರು ಹೋದ್ವು ದೊಡ್ಡಪ್ಪ.”

“ಗೊತ್ತು. ತಪ್ಪು ನಂದು. ಇನ್ನೂ ಅರ್ಧ ಸುದ್ದಿ ಇದೆ, ಅದನ್ನೂ ಕೇಳು.” ಹದಿನೇಳರ ಕಥೆ ಹೇಳುತ್ತಾರೆ, ನಾಲ್ಕರ ಕಥೆ ಹೇಳುತ್ತಾರೆ. ಚಾಚು ಎಲ್ಲಿದೆಯೆಂದು ಕಡ್ಡಿಯಿಂದ ನೆಲದ ಮೇಲೆ ಗೀಚಿ ತೋರಿಸುತ್ತಾರೆ. ಕೊನೆಗೆ, ಮೂವತ್ತನಾಲ್ಕು ವರ್ಷ ಬಾಯಿಗೆ ತಾರದ ಸಾಲುಗಳನ್ನು ಹೇಳುತ್ತಾರೆ:

ಬಂಡೆಯ ಕಂಕುಳಲ್ಲಿ ಕೂತವಳೆ, ಬಿಸಿಲಿಗೆ ಬೆನ್ನು ತಿರುವಿದವಳೆ,
ಖರ್ಜೂರದ ಹೊಂಬಾಳೆ ಒಡೆದಾಗ ನಿನ್ನುಸಿರಲ್ಲಿ ಹಾಲಿನ ವಾಸನೆ.

“ಇನ್ನೊಂದ್ಸಲ ಹೇಳು” ಎನ್ನುತ್ತಾಳೆ ಶಮ್ಮಾ. ಎರಡನೇ ಸಲ ಕೇಳಿ, ಮರಿಯನ್ನು ಅವರ ಕೈಗೆ ಕೊಟ್ಟು ಎದ್ದು ನಿಲ್ಲುತ್ತಾಳೆ. “ನಾಲ್ಕು ಗಿಡಕ್ಕೆ ಎಷ್ಟು ಕಲ್ಲು ಬೇಕು ದೊಡ್ಡಪ್ಪ? ಮೊದ್ಲೇ ಹೇಳಿದ್ರೆ ನಾವೇನು ಕಲ್ಲು ಹೊರ್ತಿರ್ಲಿಲ್ವಾ? ದ್ವೀಪದಲ್ಲಿ ಗೋಡೆ ಕಟ್ಟೋಕೆ ಬರೋದು ನಿಂಗೊಬ್ನಿಗೇನಾ?”

ಅಂದು ಮಧ್ಯಾಹ್ನದ ನಮಾಜಿನ ಹೊತ್ತಿಗೆ ಚಾಚಿನ ಬಾಯಿಗೆ ಅಡ್ಡಲಾಗಿ ಸೊಂಟದೆತ್ತರ ಕಲ್ಲು ಏರಿದೆ. ಮಾರನೆಯ ದಿನ ಶಮ್ಮಾಳ ಹಟ್ಟಿಯವರು ಬಂದು ಇನ್ನೂ ಎರಡು ಮೊಳ ಏರಿಸಿದ್ದಾರೆ. ಕೆಳಗೆ ಆಡುಗಳು ಮೇಯುತ್ತವೆ. ಘಾನಿಮ್ ಮೊದಲ ವಾರ ದಿನಕ್ಕೆರಡು ಸಲ ಇಳಿದು ನೋಡುತ್ತಾರೆ. ನಾಲ್ಕೂ ಇವೆ. ಒಂದು ಹೂ ಬಿಟ್ಟಿದೆ.

“ಆವತ್ತು ಮುಬ್ಖೂತನಿಗೆ ಮೇವಿನ ಸುದ್ದಿ ಕೊಟ್ಟೆ, ಗಿಡದ ಸುದ್ದಿ ನಾನೇ ಇಟ್ಕೊಂಡೆ. ನಂದು ಅನ್ನಿಸ್ತು ನೋಡಿ, ಅದೇ ಆಸೆ. ಗಿಡ ಕಳೆದದ್ದು ಆಡು ಅಲ್ಲ. ಅವನಿಗೆ ಗೊತ್ತಿದ್ರೆ ಕೋಲು ಹಿಡ್ಕೊಂಡು ಅಲ್ಲೇ ಕೂರ್ತಿದ್ದ ಪಾಪ” ಎಂದು ಘಾನಿಮ್ ಹೇಳಿಕೊಳ್ಳುತ್ತಾರೆ. ಮುಬ್ಖೂತ್ ತೀರಿಕೊಂಡು ಒಂಬತ್ತು ವರ್ಷವಾಗಿದೆ. ಅವನ ಗೋರಿಯ ಬಳಿ ಹೋಗಿ ಒಂದು ಫಾತಿಹಾ ಓದಿ ಬಂದಿದ್ದಾರೆ.

ಇಪ್ಪತ್ತು ದಿನದ ಮೇಲೆ, ನೇರ ದಾರಿಯಲ್ಲಿ ಅವರಿಗೆ ದಕ್ಷಿಣದ ಕರಾವಳಿಯಿಂದ ಬಂದ ಒಬ್ಬ ಅಪರಿಚಿತ ಎದುರಾಗುತ್ತಾನೆ. ಮೂಗು ತಾಗಿಸಿ, ಸುದ್ದಿ ಏನು ಎಂದು ಕೇಳಿದರೆ ಅವನು ಮೀನಿನ ಸುದ್ದಿ, ಗಾಳಿಯ ಸುದ್ದಿ ಹೇಳಿ, “ನಿಮ್ಮ ಕಡೆ ಕೊರಕಲಲ್ಲಿ ನಾಲ್ಕು ಗಿಡ ಇದ್ಯಂತೆ, ಆಡು ಬಿಡಬಾರ್ದಂತೆ, ಅದಕ್ಕೊಂದು ಪದ್ಯ ಇದೆ” ಎಂದು ಹೇಳತೊಡಗುತ್ತಾನೆ. ಘಾನಿಮ್ ಕಣ್ಣು ಮುಚ್ಚಿ ಕೇಳುತ್ತಾರೆ. ಅವರು ಕಟ್ಟಿದ ಎರಡು ಸಾಲು ಮುಗಿದರೂ ಆತ ನಿಲ್ಲಿಸುವುದಿಲ್ಲ:

ಕಲ್ಲು ಪೇರಿಸಿದ ಕಡೆ ಬೇಡ ಆಡೇ, ಎಡಕ್ಕೆ ತಿರುಗು. ಅಲ್ಲಿ ನಿನಗೂ ಇಟ್ಟಿದ್ದಾನೆ ದೇವರು.

ಮನೆಗೆ ಬಂದು ಬಖೀತಾಗೆ ಇಷ್ಟನ್ನೂ ಹೇಳುತ್ತಾರೆ. “ಕಟ್ಟಿದ್ದು ನಾನೇ ಅಂತ ಹೇಳಿದ್ಯಾ?” ಎಂದು ಆಕೆ ಕೇಳುತ್ತಾರೆ.

“ಹೇಗೆ ಹೇಳ್ಲಿ? ಮೂರನೇ ಸಾಲು ನಂದಲ್ಲ.” ಘಾನಿಮ್ ಆ ಸಾಲನ್ನು ಮೆಲ್ಲಗೆ ಮತ್ತೊಮ್ಮೆ ಹೇಳಿ ನೋಡುತ್ತಾರೆ. “ನನ್ನೆರಡಕ್ಕಿಂತ ಚೆನ್ನಾಗಿದೆ.”